ಬೆಳ್ಳಿ ತಗಡಿನ ಕೈ

"ಹಲೋ… ಹಲೋ, ಯಾರು ಮಾತಾಡ್ತಿರೋದು?… ಯಾರು?… ಕೇಳುಸ್ತಿಲ್ಲ, ವಸಿ ಜೋರಾಗಿ ಯೋಳಿ. ಇಲ್ಲಿ ಡೈರಿ ಮುಂದೆ ಮೈಕ್ ಕಟ್ತಾವ್ರೆ. ಅವ್ರೂ ಹಲೋ ಅಂತಾವ್ರೆ, ನೀವೂ ಹಲೋ ಅಂತಿದ್ದೀರಿ…"

ಜಯಲಕ್ಷ್ಮಮ್ಮ ಮನೆಯ ಜಗಲಿಯ ಮೇಲೆ ಹೊಗೆಸೊಪ್ಪಿನ ರಾಶಿಗಳ ನಡುವೆ ಕೂತಿದ್ದಳು. ಬ್ಯಾರನ್‌ನಲ್ಲಿ, ಅಂದರೆ ಸೊಪ್ಪು ಹದಮಾಡುವ ಎತ್ತರದ ಬಿಸಿಮನೆಯಲ್ಲಿ, ಬೇಯಿಸಿ ಇಳಿಸಿದ ಎಲೆಯನ್ನು ಬಣ್ಣ ನೋಡಿ ವಿಂಗಡಿಸುವ ಕೆಲಸ. ನಿಂಬೆ ಹಳದಿಯದು ಬಲಕ್ಕೆ, ಕಂದು ತಿರುಗಿದ್ದು ಎಡಕ್ಕೆ, ಮಚ್ಚೆ ಬಿದ್ದದ್ದು ಮುಂದಕ್ಕೆ. ಎರಡು ಕೈಗೂ ಕೆಲಸವಿದ್ದುದರಿಂದ ಫೋನನ್ನು ಕಿವಿಗೂ ಎಡ ಭುಜಕ್ಕೂ ನಡುವೆ ಒತ್ತಿ ಹಿಡಿದಿದ್ದಳು. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆಯ ಆ ಊರಿನಲ್ಲಿ ಫೋನ್ ಬಂತೆಂದು ಕೆಲಸ ನಿಲ್ಲಿಸುವ ರೂಢಿ ಯಾರಿಗೂ ಇಲ್ಲ.

"ಅಯ್ಯಯ್ಯೋ, ಮೇಷ್ಟ್ರಾ! ಪುಟ್ಟಸ್ವಾಮಿ ಮೇಷ್ಟ್ರಾ! ಇದ್ಯಾವ ನಂಬರು ಸಾ? ನಿಮ್ದು ನನ್ ಫೋನಲ್ಲಿ ಪೀಟಿ ಮೇಷ್ಟ್ರು ಅಂತ ಬತ್ತಿತ್ತು… ಹಾಂ, ಬದಲಾಯ್ಸುದ್ರಾ? ಅದ್ಕೇ ಅನ್ನಿ. ನಮ್ ಸ್ಪಂದನಾ ಇಂಡ್ಯಾ ಅಂಗಿ ಇಕ್ಕಂಡ ದಿನ ನಿಮ್ಗೇ ಮೊದ್ಲು ಮಾಡ್ದೊ. ಸ್ವಿಚ್ ಆಫ್, ಸ್ವಿಚ್ ಆಫ್ ಅಂತ ಆ ಹೆಂಗುಸು ಯೋಳಿದ್ದೇ ಯೋಳಿದ್ದು…"

…

"ಬೇಜಾರೇನಿಲ್ಲ ಬುಡಿ. ನಿಮ್ಗೂ ಕೆಲ್ಸ ಇರ್ತದೆ. ಈಗ ಮಾಡುದ್ರಲ್ಲ, ಅದೇ ಸಾಕು. ಅದ್ಯಾಕ್ ಸಾ, ಖಾಲಿ ಕಣಜದೊಳಗಿಂದ ಮಾತಾಡ್ದಂಗೆ ಕೇಳುಸ್ತದೆ?… ಆಫೀಸಾ? ಮೈಸೂರಲ್ಲಾ?… ಹಾಂ? ಎಲ್ರೂ ಕೇಳುಸ್ಕತಾವ್ರಾ? ಯಾರು ಎಲ್ರೂ?… ನಿಮ್ ಆಫೀಸ್‌ನೋರಾ. ಕೇಳುಸ್ಕಳ್ಲಿ, ನನ್ ಮಾತಲ್ಲಿ ಏನದೆ."

ಪುಟ್ಟಸ್ವಾಮಿ ಮೇಷ್ಟ್ರು ಮೊದಲು ಊರಿನ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ಕಬಡ್ಡಿಯಲ್ಲಿ ಹುಡುಗರ ಕಾಲನ್ನೂ ಹಿಡಿದರೆ ಬಿಡದ, ಜಯಲಕ್ಷ್ಮಮ್ಮನ ಮಗಳು ಸ್ಪಂದನಾಳನ್ನು ನೋಡಿ, ಅವಳ ಕೈಗೆ ರಗ್ಬಿಯ ಮೊಟ್ಟೆಯಾಕಾರದ ಚೆಂಡು ಕೊಟ್ಟವರು ಅವರೇ. ಮಗಳು ಚಡ್ಡಿ ಹಾಕಿಕೊಂಡು ಬಯಲಲ್ಲಿ ಬಿದ್ದೇಳುವುದು ಬೇಡವೆಂದು ತಂದೆ ಸಿದ್ದಯ್ಯ ಬಾಗಿಲು ಹಾಕಿಕೊಂಡಾಗ, ಇದೇ ಜಗಲಿಯ ಮೇಲೆ ಸಂಜೆಯವರೆಗೆ ಕೂತು, ಒಪ್ಪಿಸಿಯೇ ಎದ್ದಿದ್ದರು. ಜಯಲಕ್ಷ್ಮಮ್ಮ ಅಂದು ಒಳಗಿಂದ ಅವರಿಗೆ ಮುದ್ದೆ, ಅವರೆಕಾಳು ಸಾರು ತಂದುಕೊಟ್ಟಿದ್ದಳು. ಗಂಡನಿಗೆ ಎದುರಾಗಿ ಅವಳು ಮಾಡಿದ ಮೊದಲ ಕೆಲಸ ಅದು. ಆಮೇಲೆ ಮೇಷ್ಟ್ರು ಶಾಲೆ ಬಿಟ್ಟು ಮೈಸೂರು ಸೇರಿದರು. ಸ್ಪಂದನಾ ರಾಜ್ಯ ತಂಡಕ್ಕೆ, ಅಲ್ಲಿಂದ ಭಾರತ ತಂಡಕ್ಕೆ ಹೋದಳು. ನಾಳೆ ಮಧ್ಯಾಹ್ನ ಕೊಲಂಬೊದಲ್ಲಿ ಶ್ರೀಲಂಕಾ ಮೇಲೆ ಫೈನಲ್. ಹೋದ ವರ್ಷವೂ ಇದೇ ಎರಡು ತಂಡ, ಇದೇ ಫೈನಲ್. ಆಗ ಭಾರತ ಗೆದ್ದೇಬಿಟ್ಟಿತು ಎಂದು ಎಲ್ಲರೂ ಎದ್ದು ನಿಂತ ಮೇಲೆ ಸೋತಿತ್ತು.

"ಊರಾ? ಊರು ನಿದ್ದೆ ಮಾಡುದ್ರೆ ಕೇಳಿ. ಮ್ಯಾಚು ತೋರ್ಸಾಕೆ ಡೈರಿ ಗೋಡೆಗೆ ಬಿಳೀ ಪಂಚೆ ಕಟ್ಟವ್ರೆ ಸಾ, ಒಂದುಕ್ಕೊಂದು ಸೇರ್ಸಿ ಹೊಲ್ದು. ಅದ್ರಾಗೆ ಒಂದು ನಮ್ಮೋರದೇ, ಮದ್ವೆ ಮನೇಗೆ ಅಂತ ಮಡಗಿದ್ದು… ಹೂಂ, ಅವ್ರೇ, ಅವತ್ತು ನಿಮ್ಮನ್ನ ಒಳೀಕೆ ಕರೀಲಿಲ್ವಲ್ಲ, ಅವ್ರೇ! ಈಗ ಅವ್ರೇ ಏಣಿ ಮ್ಯಾಲೆ ನಿಂತವ್ರೆ. ಯಾರಾನ ಫುಟ್‌ಬಾಲು ಅಂದ್ರೆ ಸಾಕು, 'ಫುಟ್‌ಬಾಲಲ್ಲ ಕಣ್ಲಾ, ರಗ್ಬಿ' ಅಂತ ಜಗಳಕ್ಕೇ ಓಯ್ತಾರೆ."

…

"ಡೈರಿ ಸೆಕ್ರೆಟರಿ ನಂಜುಂಡಸ್ವಾಮಿ ಅಂತೂ ನಾಳೆ ಮ್ಯಾಚು ಮುಗಿಯೋಗಂಟ ಹಾಲು ಅಳೆಯಾಕಿಲ್ಲ ಅಂತ ಸಾರ್ಬುಟ್ಟವ್ನೆ. ನಮ್ಗೇನೋ ಯೋಳ್ದೆ ಕಣಪ್ಪ, ಹಸೂಗೆ ಯಾರು ಯೋಳೋರು ಅಂದೆ… ಯಾರೋ ನಕ್ಕಂಗಾಯ್ತು ಸಾ. ಹೆಣ್ಮಗಳ ದನಿ… ಆಫೀಸ್‌ನೋರಾ. ನಗ್ಲಿ ನಗ್ಲಿ."

ಅವಳಿಗೂ ನಗು ಬಂತು. ಇಷ್ಟು ಹೊತ್ತು ಯಾರಾದರೂ ತನ್ನ ಮಾತು ಕೇಳಿ ಬಹಳ ದಿನವಾಗಿತ್ತು. ಅತ್ತ ಡೈರಿಯ ಕಡೆಯಿಂದ ಮೈಕು ಒಮ್ಮೆ ಕಿರ್ರೆಂದು ಕೂಗಿ ಸುಮ್ಮನಾಯಿತು.

"ನಂಗೇನ್ ಗೊತ್ತಾಗ್ತದೆ ಸಾ ಆ ಆಟ? ಎಲ್ಲಾ ನೀವು ಈ ಜಗಲಿ ಮ್ಯಾಲೆ ಕೂತ್ಕಂಡು ಯೋಳ್ಕೊಟ್ಟಿದ್ದೇ. ಚೆಂಡು ಮುಂದುಕ್ಕೆ ಎಸೀಬಾರ್ದು, ಹಿಂದ್ಲೋರ್ಗೇ ಕೊಡ್ಬೇಕು, ಓಡೋದ್ ಮಾತ್ರ ಮುಂದುಕ್ಕೆ. ಹಿಂದೆ ಇರೋನು ನಮ್ಮೋನೇ ಅಂತ ನಂಬ್ಕಂಡು, ತಿರುಗಿ ನೋಡದಂಗೆ ಕೊಟ್ಬುಡ್ಬೇಕು ಅಂದಿದ್ರಿ. ಇದ್ಯಾವ ಸೀಮೆ ಆಟ ಸಾ ಅಂತ ನಾನಂದಿದ್ದೆ… ನೆಪ್ಪದೆಯಾ! ನೀವೂ ಮರೆತಿಲ್ಲ ನೋಡಿ."

…

"ಇವತ್ತಾ? ಇಲ್ಲ ಸಾ, ಮಾತಾಡಿಲ್ಲ. ಮ್ಯಾಚಿನ ಹಿಂದ್ಲ ದಿನ ಎಲ್ರ ಫೋನೂ ಇಸ್ಕತಾರಂತೆ. ಬೆಳಿಗ್ಗೆ ಒಂದ್ ಮಾತು, 'ಅವ್ವ, ಕೊಡ್ತಾ ಇವ್ನಿ' ಅಂತ ಅಂದ್ಲು, ಅಷ್ಟೇ… ಹಾಂ, ಮೊನ್ನೇದು ನೋಡ್ದೆ. ನೋಡ್ದೆ ಅಂದ್ರೆ, ಅವ್ಳು ಬಿದ್ದಾಗೆಲ್ಲ ಕಣ್ ಮುಚ್ಕಂಡಿದ್ದೆ…"

…

"ಒಂದೇ ಪಕ್ಕದಿಂದ ಹಿಡೀತಿದ್ಲಾ?… ನಂಗದೆಲ್ಲ ಎಲ್ಲಿ ಗೊತ್ತಾಯ್ತದೆ ಸಾ."

ಕೈಯಲ್ಲಿದ್ದ ಎಲೆಯನ್ನು ಅವಳು ಬೆಳಕಿಗೆ ಹಿಡಿದಳು. ಹಳದಿಯೋ ಕಂದೋ ತಿಳಿಯಲಿಲ್ಲ. ಹಾಗೇ ಮಡಿಲಲ್ಲಿ ಇಟ್ಟುಕೊಂಡಳು.

"ಇಲ್ಲ, ಚೆನ್ನಾಗವ್ಳೆ… ಏನೂ ಆಗಿಲ್ಲ ಅಂದ್ನಲ್ಲ… ನಿಮ್ಮತ್ರ ಮುಚ್ಚಿಟ್ಟೇನಾ? ಆಣೆ ಗೀಣೆ ಯಾಕ್ ಸಾ ಈಗ? ನಾನು ಆಣೆ ಹಾಕೋಳಲ್ಲ ಅಂತ ನಿಮ್ಗೊತ್ತು…"

ಅದು ಊರಿಗೇ ಗೊತ್ತಿದ್ದ ಸಂಗತಿ. ನಿಜವಿದ್ದರೂ ದೇವರ ಹೆಸರೆತ್ತಿ ಆಣೆ ಇಡುವವಳಲ್ಲ ಜಯಲಕ್ಷ್ಮಮ್ಮ. ಬದುವಿನ ತಕರಾರಿನಲ್ಲಿ ಪಂಚಾಯ್ತಿಗೆ ಕೂತವರು, ನೀನೊಂದು ಆಣೆ ಇಟ್ಟರೆ ಸಾಕು, ನೆಲ ನಿನ್ನದೇ ಎಂದಿದ್ದರು. ಅವಳು ಬಾಯಿ ಬಿಡದೆ ಎರಡು ಸಾಲು ನೆಲವನ್ನು ಪಕ್ಕದವರಿಗೆ ಬಿಟ್ಟು ಎದ್ದು ಬಂದಿದ್ದಳು. ಸಿದ್ದಯ್ಯ ಆ ಮಾತನ್ನು ಉಳುಮೆ ಕಾಲ ಬಂದಾಗಲೆಲ್ಲ ಎತ್ತುತ್ತಾನೆ.

"ಸಾ… ನಿಮ್ ಆಫೀಸ್‌ನೋರು ಇನ್ನೂ ಅವ್ರಾ ಅಲ್ಲಿ?… ಓದ್ರಾ? ಎಲ್ರೂ ಓದ್ರಾ? ನೀವೊಬ್ರೇನಾ?… ಹಂಗಾರೆ ಒಂದ್ ಮಾತು. ನಿಮ್ಮಲ್ಲೇ ಇರ್ಬೇಕು. ಅವ್ಳು ನನ್ ಕೈಲಿ ಭಾಷೆ ತಕಂಡವ್ಳೆ. ಅವ್ರಪ್ಪಂಗೂ ಯೋಳಿಲ್ಲ ನಾನು. ನೀವು ಅಂತ ಯೋಳ್ತಿರೋದು, ನಮ್ಗಿಂತ ಹೆಚ್ಚು ಅವ್ಳಿಗೆ ನೀವು…"

…

"ಸೆಪ್ಟೆಂಬರಲ್ಲಿ ರಜಕ್ಕೆ ಬಂದಿದ್ಲು. ಬ್ಯಾರನ್ ಇಳ್ಸೋ ದಿನ ಸಾ. ನಾವು ಮಲ್ಲಾಜಮ್ಮನ ಮನೆ ಬ್ಯಾರನ್‌ಗೆ ಮುಯ್ಯಿ ಓಗಿದ್ದೊ, ಅವತ್ತು ಅವ್ರು ನಮ್ದಕ್ಕೆ ಬರ್ಬೇಕು. ಅವ್ರ ನೆಂಟರಲ್ಲಿ ಸಾವಾಯ್ತು, ಬರ್ನಿಲ್ಲ, ನಮ್ಮೋರೂ ಅಲ್ಲಿಗೇ ಓಗಿದ್ರು. ಸೊಪ್ಪು ಒಂದಿನ ಹೆಚ್ಗೆ ನಿಂತ್ರೆ ಕೆಡ್ತದೆ, ನಿಮ್ಗೊತ್ತಲ್ಲ. ಇವ್ಳೇ ಹತ್ತುದ್ಲು, ಬ್ಯಾಡ ಬ್ಯಾಡ ಅಂದ್ರೂವೆ. ಮ್ಯಾಲಿನ ಗಳದಿಂದ ಸೊಪ್ಪಿನ ಕಡ್ಡಿ ತಗ್ದು ತಗ್ದು ನನ್ ಕೈಗೆ ಕೊಡ್ತಾ ಇದ್ಲು. ಕಾಲಡೀ ಗಳ ಜಾರ್ಬುಡ್ತು. ಬೀಳ್ನಿಲ್ಲ ಸಾ, ಒಂದೇ ಕೈಲಿ ನೇತಾಡಿದ್ಲು. ಲಟಕ್ ಅಂತು. ಕೆಳಗಡೆ ನಿಂತಿದ್ದ ನಂಗೆ ಕೇಳುಸ್ತು ಆ ಸದ್ದು. ಈಗ್ಲೂ ಕೇಳುಸ್ತದೆ."

…

"ಪಿರಿಯಾಪಟ್ಟಣಕ್ಕೆ ಓದ್ರೆ ಯಾರಾದ್ರೂ ನೋಡ್ತಾರೆ ಅಂತ ಬೈಲಕುಪ್ಪೆಗೆ ಕರ್ಕಂಡೋದೆ. ಅಲ್ಲಿ ಟಿಬೆಟ್‌ನೋರ ಡಾಕ್ಟ್ರಮ್ಮ ಒಬ್ರವ್ರೆ, ನಮ್ಮಂಗೇ ಕನ್ನಡ ಮಾತಾಡ್ತಾರೆ. ಅವ್ರು ಕೀಲು ಕೂರ್ಸುದ್ರು. ಚಳಿಗಾಲ ಮುಗಿಯೋಗಂಟ ಆಡ್ಬ್ಯಾಡ ಅಂದ್ರು. ಬಸ್ಸಲ್ಲಿ ಬತ್ತಾ ಇವ್ಳು ನನ್ ಕೈ ಹಿಡ್ಕಂಡು, 'ಅವ್ವ, ಟೀಮಿನ ಡಾಕ್ಟ್ರಿಗೆ ಗೊತ್ತಾದ್ರೆ ನನ್ನ ಆಡ್ಸದೆ ಕೂರುಸ್ತಾರೆ. ಓದ ಸಲ ನನ್ ಕೈಯಿಂದ ಜಾರೋದ ಲಂಕಾದೋಳೇ ಗೆರೆ ದಾಟಿ ಚೆಂಡು ಇಟ್ಟು ಗೆದ್ದಿದ್ದು. ಆ ಮ್ಯಾಚು ನಾನು ಆಡ್ಲೇಬೇಕು' ಅಂದ್ಲು…"

…

"ನಾನು ತಡೀಬೇಕಿತ್ತು ಅಂತೀರಾ?… ನಂಗೂ ಅನ್ಸದೆ. ದಿನಾ ಅನ್ಸದೆ. ಆದ್ರೆ ನನ್ ಬ್ಯಾರನ್ ಕೆಲ್ಸಕ್ಕೆ ಓಗಿ ಮುರ್ಕಂಡ ಕೈ ಸಾ. ಯಾವ ಬಾಯಲ್ಲಿ ಬ್ಯಾಡ ಅನ್ಲಿ?… ನಂಜನಗೂಡಿಗೆ ಅರ್ಕೆ ಕಟ್ಟಿದ್ದೆ, ಓದ ವಾರ ಓಗಿ ಬೆಳ್ಳಿ ಕೈ ಹುಂಡಿಗೆ ಹಾಕ್ ಬಂದೆ. ಗುಡಿ ಮುಂದಿನ ಅಂಗಡೀಲಿ ಕಣ್ಣು, ಕಾಲು, ಕೈ ಎಲ್ಲಾ ತಗಡಲ್ಲಿ ಒತ್ತಿ ಮಡಗಿರ್ತಾರಲ್ಲ, ಅದು. ಎಡಗೈ ಕೊಡಪ್ಪ ಅಂದ್ರೆ ಅಂಗಡಿಯೋನು ನಗ್ತಾನೆ. 'ತಗಡು ಕಣಮ್ಮ, ಇಂಗ್ ಮಡಗುದ್ರೆ ಎಡಗೈ, ಮಗುಚುದ್ರೆ ಬಲಗೈ. ಯಾವ್ದು ಅಂತ ದೇವ್ರಿಗೆ ಗೊತ್ತಾಯ್ತದೆ ಬುಡು' ಅಂದ."

…

"ಹೂಂ ಸಾ, ಎಡಗೈ. ಎಡ ಭುಜ. ಬಲಗಡೆಯಿಂದ ಯಾರೇ ನುಗ್ಲಿ, ತಬ್ಬುದ್ಲು ಅಂದ್ರೆ ಕೆಡವುದ್ಲು. ಎಡಗಡೆಯಿಂದ ಬಂದ್ರೆ ಕೈ ಎತ್ತಕ್ಕೇ ಹೆದರ್ತಾಳೆ. ಒಂದ್ ದಪ ಜೋರಾಗಿ ಬಿದ್ರೆ ಮತ್ತೆ ಕಳಚ್ಕತದಂತೆ, ಈ ಸಲ ಕಳಚುದ್ರೆ ಆಪ್ರೇಸನ್ನೇ ಅಂತೆ. ಲಂಕಾದೋರ್ಗೆ ಮಾತ್ರ ಇದು ಗೊತ್ತಾಗ್ಬಾರ್ದು ಸಾ. ಗೊತ್ತಾಯ್ತು ಅನ್ನಿ, ಎಲ್ರೂ ಆ ಕಡೆಯಿಂದ್ಲೇ ಬತ್ತಾರೆ…"

ಹೇಳಿ ಮುಗಿಸಿದ ಮೇಲೆ ಅವಳಿಗೆ ಎದೆ ಹಗುರವಾಯಿತು. ಎರಡು ತಿಂಗಳಿಂದ ಒಬ್ಬಳೇ ಹೊತ್ತಿದ್ದನ್ನು ಕೊನೆಗೂ ನಂಬುವವರ ಮುಂದೆ ಇಳಿಸಿದ್ದಳು. ಮೇಷ್ಟ್ರು ಏನೋ ಸಮಾಧಾನ ಹೇಳುತ್ತಿದ್ದರು. ಅಷ್ಟರಲ್ಲಿ ಡೈರಿಯ ಮೈಕು ಮತ್ತೆ ಕಿರ್ರೆಂದಿತು. ಹುಡುಗರು ಕೇಕೆ ಹಾಕಿದ್ದು ಕೇಳಿಸಿತು. ಯಾರೋ ಹೆಂಗಸು ಮೈಕಿನಲ್ಲಿ ಮಾತಾಡತೊಡಗಿದಳು.

"ತಾಳಿ ಸಾ, ಮೈಕ್ ಹಾಕುದ್ರು. ಅದ್ಯಾರೋ ಮಾತಾಡ್ತಾ ಅವ್ಳೆ, ನೀವು ಯೋಳಿದ್ದು ಕೇಳ್ನಿಲ್ಲ…"

ತನ್ನ ದನಿಯನ್ನು ತಾನು ಹೊರಗಿಂದ ಕೇಳಿದವರು ಕಡಿಮೆ. ಜಯಲಕ್ಷ್ಮಮ್ಮ ಮೊದಲು ಅದು ತನ್ನ ಅಕ್ಕ ವಿಮಲಮ್ಮನ ದನಿ ಎಂದುಕೊಂಡಳು. ಅಕ್ಕ ಇರುವುದು ಎಚ್.ಡಿ. ಕೋಟೆಯಲ್ಲಿ, ಇಲ್ಲಿಯ ಮೈಕಿನಲ್ಲಿ ಅವಳಿಗೇನು ಕೆಲಸ ಎಂದು ಯೋಚಿಸುತ್ತಿರುವಾಗಲೇ ಮಾತು ಸ್ಪಷ್ಟವಾಯಿತು. ಬೀದಿಯ ಎರಡೂ ಬದಿಯ ಗೋಡೆಗೆ ಬಡಿದು ಅದು ಬಂತು. 'ತಗಡು ಕಣಮ್ಮ, ಇಂಗ್ ಮಡಗುದ್ರೆ ಎಡಗೈ, ಮಗುಚುದ್ರೆ ಬಲಗೈ.' ಸ್ವಲ್ಪ ಬಿಟ್ಟು, 'ಹೂಂ ಸಾ, ಎಡಗೈ. ಎಡ ಭುಜ.'

ಭುಜದಿಂದ ಫೋನು ಜಾರಿ ಹಳದಿ ಎಲೆಗಳ ಮೇಲೆ ಬಿತ್ತು. ಎತ್ತಿ, ಈ ಸಲ ಎರಡು ಕೈಯಲ್ಲೂ ಹಿಡಿದುಕೊಂಡಳು.

"ಸಾ… ಸಾ, ಇದೇನಿದು? ನಾನು ನಿಮ್ ಕುಟ್ಟೆ ಮಾತಾಡಿದ್ದು ಡೈರಿ ಮೈಕಲ್ಲಿ ಬತ್ತಾ ಅದೆ! ನಾನ್ ಈಗ ತಾನೆ ಯೋಳಿದ್ದು… ಮೇಷ್ಟ್ರೇ? ಇದೆಂಗಾಯ್ತು?"

…

"ನೀನ್ಯಾರವ್ವ? ಮೇಷ್ಟ್ರಿಗೆ ಕೊಡು… ಏನು? ಕಾರ್ಯಕ್ರಮ ನಡಸ್ಕೊಡೋಳಾ? ಯಾವ ಕಾರ್ಯಕ್ರಮ?… ಮ್ಯಾಚಿಗೆ ಮುಂಚಿನ ಲೈವಾ? ಲೈವು ಅಂದ್ರೆ?… ಅಂದ್ರೆ ನಾನ್ ಮಾತಾಡಿದ್ದೆಲ್ಲ ಮೊಬೈಲಲ್ಲಿ ಎಲ್ರೂ ನೋಡ್ತಾ ಇದ್ರಾ? ಎಲ್ರೂ ಅಂದ್ರೆ ಯಾರವ್ವ? ನಮ್ಮೂರೋರಾ?… ಎಲ್ಲಾ ದೇಶದೋರೂವಾ?"

…

"ನನ್ ಫೋಟೋ ಮಡಗಿದ್ದೀರಾ? ಯಾವ ಫೋಟೋ?… ನನ್ ಮಗಳು ಕೊಟ್ಟಿದ್ದಾ? ಅವ್ಳು ಮೇಷ್ಟ್ರಿಗೆ ಅಂತ ಕಳ್ಸಿದ್ದು ಅದು! ನೀನು ಸುಮ್ಕಿರವ್ವ, ನಿಂಗೆ ಕೈ ಮುಗೀತೀನಿ. ಮೇಷ್ಟ್ರಿಗೆ ಕೊಡು."

ಸಂಗತಿ ಇಷ್ಟು. ಪುಟ್ಟಸ್ವಾಮಿ ಈಗ ಮೈಸೂರಿನ ಒಂದು ಆಟೋಟದ ಚಾನೆಲ್ಲಿನಲ್ಲಿ ಪಂದ್ಯಕ್ಕೆ ಮುಂಚೆ ಕೂತು ವಿಶ್ಲೇಷಣೆ ಮಾಡುತ್ತಿದ್ದರು. ಆ ದಿನದ ಕಾರ್ಯಕ್ರಮಕ್ಕೆ ಭಾರತ ತಂಡದ ಆಟಗಾರ್ತಿಯ ತಾಯಿಯೊಂದಿಗೆ ನೇರ ಮಾತುಕತೆ ಎಂದು ಬೆಳಿಗ್ಗೆಯಿಂದಲೇ ಹಾಕಿದ್ದರು. ಡೈರಿಯ ಮುಂದೆ ಯಾರೋ ಅದನ್ನು ಆಗಷ್ಟೇ ಕಂಡು, ನಮ್ಮ ಜಯಕ್ಕ ಬಂದವ್ಳೆ ಎಂದು ಖುಷಿಯಿಂದಲೇ ಮೈಕಿಗೆ ಜೋಡಿಸಿದ್ದರು. ಫೋನಿನಲ್ಲಿ ಆಡಿದ ಮಾತು ಲೈವಿನಲ್ಲಿ ನಿಮಿಷಕ್ಕೂ ಹೆಚ್ಚು ತಡವಾಗಿ ಬರುತ್ತದೆ. ಜಯಲಕ್ಷ್ಮಮ್ಮನಿಗೆ ಇದಾವುದೂ ಇಷ್ಟು ಸರಿಯಾಗಿ ಗೊತ್ತಾಗಲಿಲ್ಲ. ಗೊತ್ತಾಗಬೇಕಾದದ್ದು ಗೊತ್ತಾಯಿತು.

"ಮೇಷ್ಟ್ರೇ… ಯಾಕ್ ಸಾ ಇಂಗ್ ಮಾಡುದ್ರಿ?"

…

"ಶುರೂಲೇ ಯೋಳುದ್ರಾ? ಎಲ್ರೂ ಕೇಳುಸ್ಕತಾವ್ರೆ ಅಂತ ಯೋಳುದ್ರಿ, ಹೌದು. ನಾನು ಯಾರು ಅಂತ ಕೇಳ್ದೆ. ಆಫೀಸ್‌ನೋರಾ ಅಂದ್ರೆ ಹೂಂ ಅಂದ್ರಿ. ಸರಿ, ಅದೂ ಓಗ್ಲಿ. ಆಮ್ಯಾಕೆ ಕೇಳ್ದೆ ಅಲ್ವಾ? ಇನ್ನೂ ಅವ್ರಾ ಅಂತ ಕೇಳ್ದೆ ಅಲ್ವಾ? ಎಲ್ರೂ ಓದ್ರು, ನಾನೊಬ್ನೇ ಅಂದ್ರಿ. ಅಂದ್ರೋ ಇಲ್ವೋ?… ಅಂದ್ರೋ ಇಲ್ವೋ ಸಾ?"

…

"ಅವ್ಳ ಒಳ್ಳೇದಕ್ಕಾ? ಒಳ್ಳೇದಕ್ಕೆ ಅಂದ್ರೆ ಅವ್ಳ ಡಾಕ್ಟ್ರಿಗೆ ಒಂದ್ ಫೋನ್ ಮಾಡ್ಬೋದಿತ್ತು. ನಂಗೆ ಬಯ್ಯಬೋದಿತ್ತು. ಮನೇಗೆ ಬಂದು ಈ ಜಗಲಿ ಮ್ಯಾಲೆ ಕೂತ್ಕಂಡು, ಬ್ಯಾಡ ಜಯಮ್ಮ, ಮಗಳು ಕೈ ಕಳ್ಕತಾಳೆ ಅಂದಿದ್ರೆ ನಿಮ್ ಮಾತು ಮೀರ್ತಿದ್ನಾ? ಊರಿಗೆಲ್ಲ ಡಂಗೂರ ಹೊಡ್ದು ಮಾಡೋ ಒಳ್ಳೇದು ಯಾವ್ದು ಸಾ?"

ಆ ಮಾತಾಡುವಾಗಲೇ ಅವಳಿಗೆ ಇನ್ನೊಂದು ಹೊಳೆಯಿತು. ಮೊನ್ನೆಯ ಪಂದ್ಯ. ಒಂದೇ ಪಕ್ಕದಿಂದ ಹಿಡಿಯುತ್ತಿದ್ದಾಳೆ ಎಂಬ ಮಾತು. ಅವಳು ಕಾಲಿನ ಮುಂದಿದ್ದ ಸೊಪ್ಪನ್ನು ಸರಿಸಿ ಎದ್ದು ನಿಂತಳು.

"ತಾಳಿ. ನಿಮ್ಗೆ ಮೊದ್ಲೇ ಗೊತ್ತಿತ್ತು. ಮೊನ್ನೆ ಮ್ಯಾಚು ನೋಡಿದ್ ಕೂಡ್ಲೇ ಗೊತ್ತಾಯ್ತು ನಿಮ್ಗೆ. ನೀವೇ ಕಲಿಸಿದ್ ಕೈ ಅದು, ಗೊತ್ತಾಗ್ದೆ ಇರ್ತದಾ?… ಗೊತ್ತಿದ್ದು ಫೋನ್ ಮಾಡುದ್ರಿ. ಅವ್ರವ್ವನ ಬಾಯಲ್ಲೇ ಬರ್ಲಿ ಅಂತ. ನೀವು ಯೋಳುದ್ರೆ ಅನುಮಾನ, ನಾನ್ ಯೋಳುದ್ರೆ ಸತ್ಯ. ಅಲ್ವಾ?… ಮಾತಾಡಿ ಸಾ."

…

"ಅಳಿಸಿ ಅದ್ನ… ಆಗಾಕಿಲ್ವಾ? ಒಂದ್ಸಲ ಓದ್ರೆ ಓಯ್ತಾ?… ಹೂಂ. ನಂಗೂ ಗೊತ್ತದೆ ಬುಡಿ, ಆಡಿದ್ ಮಾತ ಯಾರು ಬಾಚ್ಕಂಡಾರು… ಹಿಂದೆ ಇರೋನು ನಮ್ಮೋನೇ ಅಂತ, ತಿರುಗಿ ನೋಡದಂಗೆ ಕೊಡ್ಬೇಕು ಅಂತ ನೀವೇ ಯೋಳ್ಕೊಟ್ರಿ. ಕೊಟ್ಟೆ ಸಾ. ಚೆಂಡ ಕೊಟ್ಟೆ ನಿಮ್ ಕೈಗೆ. ನೀವು ಆ ಕಡೆಯೋರ್ ಕೈಗೆ ಕೊಟ್ರಿ."

ನಿಮಿಷದ ಹಿಂದಿನ ಅವಳ ಪ್ರಶ್ನೆ ಈಗ ಮೈಕಿನಲ್ಲಿ ಬರುತ್ತಿತ್ತು. 'ಅಂದ್ರೋ ಇಲ್ವೋ ಸಾ?' ಡೈರಿಯ ಮುಂದೆ ಈಗ ಯಾರೂ ಕೇಕೆ ಹಾಕುತ್ತಿರಲಿಲ್ಲ. ಬೀದಿಯ ತುದಿಯಲ್ಲಿ ಸಿದ್ದಯ್ಯ ಕಾಣಿಸಿದ. ಹೆಗಲ ಟವೆಲ್ಲು ಕೈಯಲ್ಲಿತ್ತು. ಓಡಿ ಬರುತ್ತಿರಲಿಲ್ಲ, ನಿಂತು ನಿಂತು ಬರುತ್ತಿದ್ದ. ಪ್ರತಿ ಸಲ ಮೈಕು ಮಾತಾಡಿದಾಗಲೂ ನಿಲ್ಲುತ್ತಿದ್ದ.

ಗಂಡನಿಗೆ ಹೇಳಬೇಕಾದ ಮಾತು ಆಮೇಲೆ. ಅವಳಿಗೆ ಆಗ ಬೇರೊಂದು ಯೋಚನೆ ಬಂತು. ಲೈವು ಇನ್ನೂ ನಡೆಯುತ್ತಿದೆ. ಮೊದಲಿನ ಮಾತನ್ನು ಕೇಳಿದವರು ಇದನ್ನೂ ಕೇಳುತ್ತಾರೆ. ಲಂಕಾದವರಿಗೆ ಕನ್ನಡ ತಿಳಿದು ಹೇಳುವವರು ಯಾರಾದರೂ ಇದ್ದರೆ, ಇದನ್ನೂ ಹೇಳುತ್ತಾರೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ದನಿಯನ್ನು ಸರಿಮಾಡಿಕೊಂಡಳು.

"ಸಾ, ಇನ್ನೂ ನಡೀತಾ ಅದಾ ಅದು? ಎಲ್ರೂ ಕೇಳುಸ್ಕತಾವ್ರಾ?… ಹೂಂ. ಹಂಗಾರೆ ಎಲ್ರೂ ಸರಿಯಾಗಿ ಕೇಳುಸ್ಕಳ್ಳಿ. ನಾನ್ ಆಗ ಯೋಳಿದ್ದು ತಪ್ಪು. ಗಾಬ್ರೀಲಿ ಉಲ್ಟಾ ಯೋಳ್ಬುಟ್ಟೆ."

…

"ಎಡಗೈ ಅಲ್ಲ, ಬಲಗೈ. ಬ್ಯಾರನ್‌ನಲ್ಲಿ ನೇತಾಡಿದ್ದು ಬಲಗೈಲಿ. ನಾನು ಕೆಳಗಿದ್ನಲ್ಲ, ಎದುರುಗಡೆ ನಿಂತಿದ್ದೆ, ನಂಗೆ ಎಡಗಡೆ ಕಂಡ್ರೆ ಅವ್ಳಿಗೆ ಬಲಗಡೆ ಅಲ್ವಾ… ಆ ತಗಡೂ ಅಷ್ಟೇ. ಅಂಗಡಿಯೋನೇ ಅಂದ್ನಲ್ಲ, ಮಗುಚುದ್ರೆ ಬಲಗೈ ಅಂತ. ನಾನು ಮಗುಚೇ ಹಾಕಿದ್ದು. ಲಂಕಾದೋರು ಬೇಕಾರೆ ಅವ್ಳ ಎಡಗಡೆಯಿಂದ ಬಂದು ನೋಡ್ಲಿ…"

…

"ನಗ್ತಿದ್ದೀರಾ?… ನಂಬ್ಕೆ ಬರ್ನಿಲ್ವಾ? ಮಾತಾಡ್ತಿಲ್ಲ ನೀವು. ಸುಮ್ಕಿದ್ದೀರಿ ಅಂದ್ರೆ ಕೇಳುಸ್ಕತಾ ಇದ್ದೀರಿ ಅಂತ್ಲೇ. ನಾನು ಆಣೆ ಹಾಕೋಳಲ್ಲ ಅಂತ ನಿಮ್ಗೊತ್ತು, ಈ ಊರಿಗ್ ಗೊತ್ತು. ಇವತ್ ಹಾಕ್ತೀನಿ."

ಸಿದ್ದಯ್ಯ ಅಂಗಳದ ಬೇಲಿಯ ಹತ್ತಿರ ಬಂದಿದ್ದ. ಹೆಂಡತಿ ನಂಜನಗೂಡಿನ ದಿಕ್ಕಿಗೆ ತಿರುಗಿ ನಿಂತದ್ದನ್ನು ಕಂಡು ಅಲ್ಲೇ ನಿಂತ. ಅವಳು ಬಲಗೈಯನ್ನು ಎದೆಯ ಮೇಲಿಟ್ಟುಕೊಂಡಳು.

"ನಂಜನಗೂಡು ನಂಜುಂಡಪ್ಪನ ಮ್ಯಾಲಾಣೆ. ನನ್ ಮಗಳ ಎಡಗೈ ಕಲ್ಲಿನಂಗದೆ. ನೋವಿರೋದು ಬಲಗೈಗೆ. ಸುಳ್ಳಾಡಿದ್ರೆ ನನ್ನೆರಡೂ ಕೈ ಬಿದ್ದೋಗ್ಲಿ."

ಹೇಳಿ ಕಾದಳು. ಡೈರಿಯ ಕಡೆಗೆ ಕಿವಿ ಕೊಟ್ಟು ನಿಂತಳು. ಆ ಮಾತು ಅಲ್ಲಿಂದ ಹೊರಟು ಬೀದಿಯಲ್ಲಿ ಬಂದು ತನ್ನ ಕಿವಿಗೆ ಬಿದ್ದರೆ, ಆಗ ಎಲ್ಲರಿಗೂ ಬಿದ್ದಂತೆ. ಮೈಕಿನಲ್ಲಿ ಅವಳ ದನಿಯೇ ಬಂತು. 'ನೀವು ಆ ಕಡೆಯೋರ್ ಕೈಗೆ ಕೊಟ್ರಿ.' ಅದಾದ ಮೇಲೆ ಆ ಹೆಣ್ಣುಮಗಳ ದನಿ, ತಾಯಿ ಕರುಳಿನ ಮಾತು ಕೇಳಿದಿರಿ, ಒಂದು ಸಣ್ಣ ವಿರಾಮ ಎಂದಿತು. ಆಮೇಲೆ ನೀರಿನ ಪೈಪಿನ ಜಾಹೀರಾತು. ಹಾಡು, ತಮಟೆ, ಮತ್ತೆ ಹಾಡು.

ಜಯಲಕ್ಷ್ಮಮ್ಮ ಇನ್ನೂ ಕಾದಳು. ಜಾಹೀರಾತು ಮುಗಿದು ಇನ್ನೊಂದು ಜಾಹೀರಾತು ಬಂತು. ಸಿದ್ದಯ್ಯ ಬೇಲಿಯ ಗೂಟ ಹಿಡಿದು ನಿಂತೇ ಇದ್ದ. ಅವಳನ್ನಲ್ಲ, ಹಿತ್ತಲ ಆಚೆ ಕಾಣುತ್ತಿದ್ದ ಬ್ಯಾರನ್ನಿನ ಎತ್ತರದ ಗೋಡೆಯನ್ನು ನೋಡುತ್ತಿದ್ದ.

ಅವಳು ಫೋನನ್ನು ಮತ್ತೆ ಕಿವಿಗೆ ಒತ್ತಿಕೊಂಡಳು.

"ಹಲೋ… ಸಾ… ನಂದು ಬರ್ನಿಲ್ಲ ಅಲ್ಲಿ… ನಾನ್ ಆಣೆ ಹಾಕಿದ್ದು ಬರ್ನಿಲ್ಲ. ಯಾವಾಗ ಕಟ್ ಮಾಡುದ್ರಿ?… ಹಲೋ?… ಬಲಗೈ ಕಣ್ರೀ, ಮೇಷ್ಟ್ರೇ… ಬಲಗೈ ಅಂತ ಯೋಳಿ ಅವ್ರಿಗೆ… ಹಲೋ…"